ಡೈವೋರ್ಸ್ ಡಿಕ್ರಿಗೆ ಮೊದಲು ವೀಸಾ ನೋಡಿ: ಹೊರದೇಶದಲ್ಲಿರುವ ಮಕ್ಕಳಿಗೂ ಹಾಸನದಲ್ಲಿರುವ ಹೆತ್ತವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಹಾಸನದ ಫ್ಯಾಮಿಲಿ ಕೋರ್ಟಿನಲ್ಲಿ ನಮ್ಮಕ್ಕನ ಮಗಳ ಡೈವೋರ್ಸ್ ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶ, ಆದ ದಿನ ನಮಗೆಲ್ಲ ದೊಡ್ಡ ಭಾರ ಇಳಿದ ಹಾಗಿತ್ತು. ಭಾವ ಕೋರ್ಟಿನ ಬಾಗಿಲಿನಿಂದಲೇ ಫೋನ್ ಮಾಡಿ, "ಮುಗೀತಮ್ಮ, ಇನ್ನು ಮಗು ನೆಮ್ಮದಿಯಾಗಿರ್ತಾಳೆ" ಎಂದರು. ಹುಡುಗಿ ಆಗ ಅಮೆರಿಕದಲ್ಲಿದ್ದಳು. ಗಂಡನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಅದರ ಆಸರೆಯಲ್ಲಿ ಹೆಂಡತಿಗೆ ಸಿಗುವ ಎಚ್-4 ಅವಳದು. ಡಿಕ್ರಿ ಆದ ದಿನವೇ ಅವಳ ಎಚ್-4 ಮುಗಿದುಹೋಗಿತ್ತು. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

ನಮ್ಮ ವಕೀಲರು ಒಡವೆ ಕೇಳಿದ್ದರು, ಜೀವನಾಂಶ ಕೇಳಿದ್ದರು, ಮದುವೆ ಖರ್ಚಿನ ಲೆಕ್ಕವನ್ನೂ ಬರೆಸಿಕೊಂಡಿದ್ದರು. ಹುಡುಗಿ ಯಾವ ವೀಸಾದ ಮೇಲಿದ್ದಾಳೆ ಎಂದು ಕೇಳಲಿಲ್ಲ. ನಾವೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಅವಳು ಅಲ್ಲೇ ಕಾಲೇಜು ಸೇರೋಣ ಎಂದು ಇಮಿಗ್ರೇಷನ್ ವಕೀಲರೊಬ್ಬರ ಹತ್ತಿರ ಹೋದಳು. ಅವರು ಮೊದಲು ಕೇಳಿದ್ದೇ ಡಿಕ್ರಿಯ ತಾರೀಖು. ಆ ಎರಡು ತಿಂಗಳು ಅವಳು ದಿನವೂ ಕೆಲಸಕ್ಕೆ ಹೋಗಿದ್ದಳು. ಹಾಗೆ ಹೋಗುವಂತಿರಲಿಲ್ಲ. ಎಲ್ಲ ಬಿಟ್ಟು ಊರಿಗೆ ಬಂದಳು. ಇಲ್ಲಿಂದ ಹೊಸದಾಗಿ ವಿದ್ಯಾರ್ಥಿ ವೀಸಾ ತೆಗೆದುಕೊಂಡು ಮತ್ತೆ ಹೋಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಆಮೇಲೆ ನಾನು ಒಂದೊಂದೇ ಕೇಳಿ ತಿಳಿದುಕೊಂಡೆ. ಅರಸೀಕೆರೆ, ಬೇಲೂರು, ಸಕಲೇಶಪುರದಿಂದ ಪರಿಚಯದವರು ಫೋನ್ ಮಾಡಿ ಇದೇ ವಿಷಯ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ವಕೀಲೆಯಲ್ಲ. ನಿಮ್ಮ ಕೇಸಿಗೆ ಎರಡು ವಕೀಲರು ಬೇಕು: ಡೈವೋರ್ಸಿಗೆ ಇಲ್ಲಿಯವರು, ವೀಸಾಕ್ಕೆ ಆ ದೇಶದವರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ. ಇಬ್ಬರನ್ನೂ ಒಂದೇ ಫೋನ್ ಕರೆಯಲ್ಲಿ ಕೂರಿಸಿ ಮಾತಾಡಿಸುವುದು ಮನೆಯವರ ಕೆಲಸ.

1. ವೀಸಾ ಯಾರ ಆಸರೆಯಲ್ಲಿದೆ ನೋಡಿ

ಜಗಳ ಎಷ್ಟೇ ದೊಡ್ಡದಿರಲಿ, ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಹುಡುಗಿಗೆ ತನ್ನದೇ ಎಚ್-1ಬಿ ಇದ್ದರೆ, ತನ್ನದೇ ಓದಿನ ಎಫ್-1 ಇದ್ದರೆ, ಡೈವೋರ್ಸ್‌ನಿಂದ ಅವಳ ವೀಸಾಕ್ಕೆ ಏನೂ ಆಗುವುದಿಲ್ಲ. ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ ಆಗಿದ್ದರೆ ಮಾತ್ರ ಕಷ್ಟ. ಇದು ಹೆಣ್ಣುಮಕ್ಕಳ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಹೆಂಡತಿಯ ಎಚ್-1ಬಿ ಮೇಲೆ ಎಚ್-4ನಲ್ಲಿರುವ ನಮ್ಮ ಹುಡುಗರೂ ಇದ್ದಾರೆ. ಅವರಿಗೂ ಇದೇ ನಿಯಮ.

ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆ ನೋಡಿದರೆ ಸಾಲದು. ಅಮೆರಿಕದಲ್ಲಿದ್ದರೆ ಐ-94 ಎನ್ನುವ ದಾಖಲೆ ನೋಡಬೇಕು. ಎಷ್ಟು ದಿನದವರೆಗೆ ಇರಬಹುದು ಎಂದು ಅದರಲ್ಲೇ ಇರುತ್ತದೆ. ಜೊತೆಗೆ ಐ-797 ಎಂಬ ಮಂಜೂರಾತಿ ಪತ್ರ ನೋಡಿ. ಅಮೆರಿಕದ ಕಾಯಂ ವಾಸದ ಗ್ರೀನ್ ಕಾರ್ಡ್ ಇದ್ದರೆ ಅದರ ಮುಖದ ಮೇಲೆ ವರ್ಗದ ಅಕ್ಷರಗಳಿರುತ್ತವೆ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಪಡೆದ ಕಾರ್ಡಿನಲ್ಲಿ ಸಿಆರ್ ಎಂದಿದ್ದರೆ ಅದು 2 ವರ್ಷದ ಷರತ್ತಿನ ಕಾರ್ಡ್. ಐಆರ್ ಎಂದಿದ್ದರೆ ಷರತ್ತಿಲ್ಲ.

2. ಬೇರೆ ಇರುವುದಕ್ಕೂ ಡೈವೋರ್ಸಿಗೂ ಇರುವ ವ್ಯತ್ಯಾಸ

ನಮ್ಮ ಕಡೆ "ಅವರಿಬ್ಬರೂ ಬಿಟ್ಟುಬಿಟ್ಟಿದ್ದಾರೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ವೀಸಾ ಕಾನೂನಿಗೆ ಅದು ಸಾಲುವುದಿಲ್ಲ.

ಅಮೆರಿಕದಲ್ಲಿ ಎಚ್-4 ಇದ್ದವರು ಬೇರೆ ಮನೆಯಲ್ಲಿದ್ದರೂ, ಮದುವೆ ಕಾನೂನಿನ ಪ್ರಕಾರ ಇರುವವರೆಗೆ, ಗಂಡನ ಎಚ್-1ಬಿ ನಡೆಯುತ್ತಿರುವವರೆಗೆ, ಬೇರೆಯಾದ ಮಾತ್ರಕ್ಕೆ ಸ್ಟೇಟಸ್, ಅಂದರೆ ಕಾನೂನಿನ ಪ್ರಕಾರ ಅಲ್ಲಿರುವ ಹಕ್ಕು, ಹೋಗುವುದಿಲ್ಲ. ಅದು ಹೋಗುವುದು ಕೊನೆಯ ಡಿಕ್ರಿಯ ದಿನ. ಆ ಡಿಕ್ರಿ ಕ್ಯಾಲಿಫೋರ್ನಿಯಾದ ಕೋರ್ಟಿನದಾದರೂ ಒಂದೇ, ಹಾಸನದ ಕೋರ್ಟಿನದಾದರೂ ಒಂದೇ.

ಬ್ರಿಟನ್ನಿನಲ್ಲಿ ಹೀಗಲ್ಲ. ಅಲ್ಲಿ ಸಂಗಾತಿಯ ವೀಸಾ ಇದ್ದರೆ, ಸಂಬಂಧ ಮುರಿದು ಬೇರೆಯಾದಾಗಲೇ ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್ ಎಂಬ ಇಲಾಖೆಗೆ ತಿಳಿಸಬೇಕು. ಡಿಕ್ರಿವರೆಗೆ ಕಾಯುವಂತಿಲ್ಲ. ಅದಕ್ಕೇ ಅಮೆರಿಕದಲ್ಲಿರುವ ಗೆಳತಿಯ ಸಲಹೆಯನ್ನು ಲಂಡನ್ನಿನಲ್ಲಿರುವ ಮಗಳಿಗೆ ಹೇಳಬೇಡಿ. ಇಂಥ ಸಲಹೆಗಳು ನಮ್ಮಲ್ಲಿ ಬಹಳ ಓಡಾಡುತ್ತವೆ.

3. ಅಮೆರಿಕ: ಯಾವ ಹಂತದಲ್ಲಿದ್ದೀರಿ?

*ಎಚ್-4 ಮಾತ್ರ ಇದ್ದರೆ.* ಎಚ್-1ಬಿ ಕೆಲಸ ಹೋದರೆ 60 ದಿನದವರೆಗೆ ಸಮಯ ಸಿಗುತ್ತದೆ ಎಂದು ಎಲ್ಲರೂ ಕೇಳಿರುತ್ತಾರೆ. ಅದು ಕೆಲಸ ಹೋದವರಿಗೆ, ಅವರ ಜೊತೆಗಿರುವ ಕುಟುಂಬಕ್ಕೆ. ಡೈವೋರ್ಸ್ ಆದವರಿಗೆ ಆ 60 ದಿನ ಇಲ್ಲ. ನಮ್ಮ ಹುಡುಗಿ ಎಡವಿದ್ದು ಇಲ್ಲೇ. ಎಚ್-4 ಮೇಲೆ ಕೆಲಸ ಮಾಡುವ ಪರವಾನಗಿ, ಅಂದರೆ ಇಎಡಿ ಕಾರ್ಡ್, 2015ರಿಂದ ಕೆಲವರಿಗೆ ಸಿಗುತ್ತಿದೆ. ಕಾರ್ಡಿನ ಮೇಲೆ ಇನ್ನೂ ಒಂದು ವರ್ಷ ಇದೆ ಎಂದು ಕಂಡರೂ ಎಚ್-4 ಹೋದ ಮೇಲೆ ಅದರ ಆಧಾರವೇ ಹೋಯಿತು.

ಹಾಗಾದರೆ ದಾರಿಗಳೇನು? ಡಿಕ್ರಿಗೆ ಮೊದಲು ಐ-539 ಅರ್ಜಿ ಹಾಕಿ ಬೇರೆ ಸ್ಟೇಟಸ್‌ಗೆ ಹೋಗುವುದು ಒಂದು. ಓದುವುದಾದರೆ ಎಫ್-1. ಅದಕ್ಕೆ ಮೊದಲು ಕಾಲೇಜಿನಿಂದ ಐ-20 ಎಂಬ ಪ್ರವೇಶದ ಪತ್ರ ಬೇಕು. ಕೇಸು, ಮನೆ ಖಾಲಿ ಮಾಡುವುದು, ಲೆಕ್ಕ ಮುಗಿಸುವುದು ಇಷ್ಟಕ್ಕೇ ಸಮಯ ಬೇಕಿದ್ದರೆ ಬಿ-2, ಅಂದರೆ ಭೇಟಿಗೆ ಬಂದವರ ಸ್ಟೇಟಸ್. ಆದರೆ ಬಿ-2ನಲ್ಲಿ ಕೆಲಸ ಮಾಡುವಂತಿಲ್ಲ. ಅರ್ಜಿ ಹಾಕುವ ದಿನ ನೀವು ಇನ್ನೂ ಕಾನೂನಿನ ಪ್ರಕಾರ ಹೆಂಡತಿಯಾಗಿರಬೇಕು. ಮಂಜೂರಾತಿಯೂ ಡಿಕ್ರಿಗೆ ಮೊದಲೇ ಬಂದರೆ ಇನ್ನೂ ನಿರಾಳ.

ಇನ್ನೊಂದು ದಾರಿ ಸ್ವಂತ ಎಚ್-1ಬಿ. ಹೊಸಬರಿಗೆ ಅದು ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಿ, ಆಯ್ಕೆಯಾದರೆ ಅಕ್ಟೋಬರ್ 1ರಿಂದ ಕೆಲಸ. ವರ್ಷಕ್ಕೆ 85,000 ಮಾತ್ರ. ಆದರೆ ತುಂಬ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ. ಮದುವೆಗೆ ಮೊದಲೋ ಆಮೇಲೋ ಒಮ್ಮೆ ಈ ಲೆಕ್ಕದೊಳಗೆ ಎಚ್-1ಬಿ ಪಡೆದು, ಮಗು ಆಯಿತೆಂದು ಎಚ್-4ಗೆ ಬಂದವರು, ಎಚ್-1ಬಿಗೆ ಇರುವ 6 ವರ್ಷದ ಮಿತಿಯಲ್ಲಿ ಉಳಿದ ಸಮಯಕ್ಕೆ ಸಾಮಾನ್ಯವಾಗಿ ಆ ಆಯ್ಕೆಯ ಲಾಟರಿ ಇಲ್ಲದೆ ಮರಳಬಹುದು. ಎಚ್-4ನಲ್ಲಿ ಕಳೆದ ವರ್ಷಗಳು ಆ ಆರರಲ್ಲಿ ಸೇರುವುದಿಲ್ಲ. ಅರ್ಜಿ ಹಾಕಲು ಕಂಪನಿಯೊಂದು ಬೇಕು, ಅಷ್ಟೇ. ಎಂಟು ವರ್ಷದ ಹಿಂದಿನ ಐ-797 ಪತ್ರ ಹಾಸನದ ಮನೆಯ ಬೀರುವಿನಲ್ಲಿ ಇರಬಹುದು. ಹುಡುಕಿ.

*ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದ್ದರೆ.* ಇದು ಎಲ್ಲಕ್ಕಿಂತ ಸೂಕ್ಷ್ಮ. ಗಂಡನ ಕೆಲಸದ ಮೂಲಕ ಬರುವ ಗ್ರೀನ್ ಕಾರ್ಡಿಗೆ ಭಾರತದಲ್ಲಿ ಹುಟ್ಟಿದವರು ವರ್ಷಗಟ್ಟಲೆ ಕಾಯುತ್ತಾರೆ. ಒಂದೊಂದು ದೇಶಕ್ಕೆ 7 ಪರ್ಸೆಂಟ್ ಎಂಬ ಮಿತಿಯೇ ಇದಕ್ಕೆ ಕಾರಣ. ಗ್ರೀನ್ ಕಾರ್ಡಿಗಾಗಿ ಹೆಂಡತಿ ಹಾಕುವ ಐ-485 ಅರ್ಜಿ ಗಂಡನ ಅರ್ಜಿಗೆ ಅಂಟಿಕೊಂಡಿರುತ್ತದೆ. ಕಾರ್ಡ್ ಮಂಜೂರಾಗುವ ಮೊದಲು ಡಿಕ್ರಿ ಆದರೆ ಅವಳ ಅರ್ಜಿ ಬಿದ್ದುಹೋಗುತ್ತದೆ. ಮಂಜೂರಾದ ಮೇಲೆ ಡಿಕ್ರಿ ಆದರೆ ಕಾರ್ಡ್ ಅವಳದೇ. ಹತ್ತು ವರ್ಷ ಕಾದವಳಿಗೆ ಕೆಲವು ವಾರಗಳ ಹಿಂದುಮುಂದು ಎಷ್ಟು ದೊಡ್ಡದು ನೋಡಿ. ಹಾಗೆಂದು ಕಾರ್ಡಿಗಾಗಿ ಮುರಿದ ಮದುವೆಯನ್ನು ಸುಖವಾಗಿದೆ ಎಂದು ತೋರಿಸಬೇಡಿ. ಕೇಳಿದ್ದಕ್ಕೆ ಸುಳ್ಳು ಹೇಳಿದರೆ ಮುಂದೆ ಯಾವ ವೀಸಾಕ್ಕೂ ಕುತ್ತು. ಬೇರೆಯಾಗಿದ್ದೇವೆ, ಡೈವೋರ್ಸ್ ಆಗಿಲ್ಲ ಎಂಬುದು ನಿಜವಾದರೆ ಅದನ್ನೇ ಹೇಳಿ. ಹೇಗೆ ಹೇಳಬೇಕು ಎಂದು ವಕೀಲರನ್ನು ಕೇಳಿ.

*2 ವರ್ಷದ ಷರತ್ತಿನ ಕಾರ್ಡ್ ಇದ್ದರೆ.* ಅಮೆರಿಕದ ಪ್ರಜೆಯನ್ನೋ ಗ್ರೀನ್ ಕಾರ್ಡ್ ಇರುವವರನ್ನೋ ಮದುವೆಯಾಗಿ, ಎರಡು ವರ್ಷ ತುಂಬುವ ಮೊದಲೇ ಕಾರ್ಡ್ ಸಿಕ್ಕವರಿಗೆ ಇದು. ಕಾರ್ಡ್ ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಡೈವೋರ್ಸ್ ಆಗಿದ್ದರೆ ಒಬ್ಬರೇ ವಿನಾಯಿತಿ ಕೇಳಿ ಹಾಕಬಹುದು. ಆಗ ಆ 90 ದಿನದ ಕಟ್ಟು ಇಲ್ಲ. ಮದುವೆ ನಿಜವಾಗಿಯೂ ಸಂಸಾರ ಮಾಡಲು ಆದದ್ದು ಎಂದು ತೋರಿಸಬೇಕು: ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಇಬ್ಬರ ಹೆಸರಿನ ವಿಮೆ, ಒಟ್ಟಿಗೆ ಸಲ್ಲಿಸಿದ ತೆರಿಗೆ ಲೆಕ್ಕ. ಮದುವೆ ಆಲ್ಬಮ್ ಒಂದೇ ಸಾಲದು, ಆದರೆ ಅದೂ ಬೇಕು. ಜಗಳವಾದ ದಿನ ಸಿಟ್ಟಿನಲ್ಲಿ ಫೋಟೋ, ಮೆಸೇಜ್ ಅಳಿಸಬೇಡಿ.

*10 ವರ್ಷದ ಕಾರ್ಡ್ ಇದ್ದರೆ* ಡೈವೋರ್ಸ್‌ನಿಂದ ಕಾರ್ಡ್ ಹೋಗುವುದಿಲ್ಲ. ಪ್ರಜೆಯ ಹೆಂಡತಿ ಎಂದು 3 ವರ್ಷಕ್ಕೇ ಪೌರತ್ವ ಕೇಳುವ ಅವಕಾಶ ಹೋಗಿ, ಎಲ್ಲರ ಹಾಗೆ 5 ವರ್ಷ ಕಾಯಬೇಕು.

ಸ್ಟೇಟಸ್ ಹೋಗುವುದು ಒಂದು, ಐ-94 ತಾರೀಖು ಮೀರಿ ಉಳಿಯುವುದು ಇನ್ನೊಂದು. ತಾರೀಖು ಮೀರಿ 180 ದಿನಕ್ಕಿಂತ ಜಾಸ್ತಿ ಉಳಿದು ಹೊರಟರೆ 3 ವರ್ಷ ಮತ್ತೆ ಬರುವಂತಿಲ್ಲ. ಒಂದು ವರ್ಷ ದಾಟಿದರೆ 10 ವರ್ಷ. ತಪ್ಪಾಗಿದೆ ಎಂದು ಗೊತ್ತಾದ ಕೂಡಲೇ ವಕೀಲರನ್ನು ಕಾಣಿ. ಹೆದರಿ ಸುಮ್ನೆ ಕೂತರೆ ದಿನಗಳು ಏರುತ್ತವೆ.

4. ಉಳಿದ ದೇಶಗಳು

ಬ್ರಿಟನ್ನಿನಲ್ಲಿ ಹೋಮ್ ಆಫೀಸಿಗೆ ತಿಳಿಸಿದ ಮೇಲೆ ವೀಸಾ ಅವಧಿ ಕಡಿತ ಮಾಡುತ್ತಾರೆ. ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಅಷ್ಟರಲ್ಲಿ ಬೇರೆ ವೀಸಾ ಹಾಕಬೇಕು ಅಥವಾ ಹೊರಡಬೇಕು.

ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಸಿಕ್ಕಿದ ಮೇಲೆ, ಮದುವೆ ನಿಜವಾದದ್ದಾಗಿದ್ದರೆ, ಬೇರೆಯಾದರೂ ಪಿಆರ್ ಉಳಿಯುತ್ತದೆ. ಮೊದಲು 2 ವರ್ಷ ಜೊತೆಗಿರಬೇಕೆಂಬ ಷರತ್ತು ಕೆಲವರಿಗೆ ಇತ್ತು. 2017ರಲ್ಲಿ ಅದನ್ನು ತೆಗೆದರು. ಸ್ಪಾನ್ಸರ್ ಮಾಡಿದ ಗಂಡನ 3 ವರ್ಷದ ಹೊಣೆ ಡೈವೋರ್ಸ್ ಆದರೂ ಮುಗಿಯುವುದಿಲ್ಲ. ಅರ್ಜಿ ಇನ್ನೂ ಬಾಕಿ ಇದ್ದರೆ ಬೇರೆಯಾದದ್ದನ್ನು ತಿಳಿಸಲೇಬೇಕು.

ಆಸ್ಟ್ರೇಲಿಯಾದ ಪಾರ್ಟ್ನರ್ ವೀಸಾ ಎರಡು ಹಂತದ್ದು. ಮೊದಲು ತಾತ್ಕಾಲಿಕ, ಆಮೇಲೆ ಕಾಯಂ. ನಡುವೆ ಸಂಬಂಧ ಮುರಿದರೆ ಇಲಾಖೆಗೆ ತಿಳಿಸಬೇಕು. ಮನೆಯೊಳಗಿನ ಹಿಂಸೆ ಇದ್ದರೆ ಅಥವಾ ಇಬ್ಬರಿಗೂ ಸೇರಿದ ಮಗು ಇದ್ದರೆ ಕಾಯಂ ವೀಸಾ ಆಗಲೂ ಸಿಗಬಹುದು. ದುಬೈ, ಅಬುಧಾಬಿಯಲ್ಲಿ ಗಂಡನ ಸ್ಪಾನ್ಸರ್ ಮೇಲಿರುವ ಹೆಂಡತಿಗೆ, ಡೈವೋರ್ಸ್ ಆದ ಮೇಲೆ ಸ್ಪಾನ್ಸರ್ ಇಲ್ಲದೆ ಒಂದು ವರ್ಷ ಇರುವ ಅವಕಾಶವನ್ನು 2018ರಲ್ಲಿ ತಂದಿದ್ದಾರೆ.

5. ಹಾಸನದ ಕೋರ್ಟಿನಲ್ಲಿ ತಾರೀಖು ನಿಮ್ಮ ಕೈಯಲ್ಲಿರಲಿ

ಹೆತ್ತವರು ಈ ಭಾಗವನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ.

ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಪ್ರಕಾರ ಇಬ್ಬರೂ ಒಪ್ಪಿ ಡೈವೋರ್ಸ್ ಕೇಳಲು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಕನಿಷ್ಠ 6 ತಿಂಗಳು ಕಾದು, 18 ತಿಂಗಳೊಳಗೆ ಎರಡನೇ ಸಲ ಬಂದು ಒಪ್ಪಿಗೆ ಹೇಳಬೇಕು. ಆ 6 ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರ್‌ದೀಪ್ ಸಿಂಗ್ ಕೇಸಿನಲ್ಲಿ ಹೇಳಿತು. ಅಂದಿನಿಂದ ಎಲ್ಲರೂ ಮನ್ನಾ ಕೇಳುತ್ತಾರೆ. ನಾವೂ ಕೇಳಿದೆವು. ಬೇಗ ಮುಗಿದರೆ ಸಾಕು ಎನ್ನುವುದೊಂದೇ ನಮ್ಮ ಆಸೆಯಾಗಿತ್ತು.

ಗಂಡನ ವೀಸಾದ ಆಸರೆಯಲ್ಲಿ ಹೊರದೇಶದಲ್ಲಿರುವ ಹುಡುಗಿಗೆ ಆ 6 ತಿಂಗಳು ದೇವರು ಕೊಟ್ಟ ಸಮಯ. ಕಾಲೇಜಿಗೆ ಅರ್ಜಿ ಹಾಕಿ, ಐ-20 ತರಿಸಿ, ಐ-539 ಕಳಿಸಲು ಅಷ್ಟು ದಿನ ಬೇಕೇ ಬೇಕು. ಮನ್ನಾ ಕೇಳುವ ಮೊದಲು "ವೀಸಾ ಎಲ್ಲಿಗೆ ಬಂತು?" ಎಂದು ಅವಳನ್ನು ಕೇಳಿ. ಸಾಧ್ಯವಾದರೆ ಒಪ್ಪಂದ ಪತ್ರದಲ್ಲೇ ಬರೆಸಿ: ಇಂಥ ತಾರೀಖಿನವರೆಗೆ ಎರಡನೇ ಹಂತಕ್ಕೆ ಹೋಗುವುದಿಲ್ಲ, ಅಲ್ಲಿಯವರೆಗೆ ಆರೋಗ್ಯ ವಿಮೆ ತೆಗೆಯುವುದಿಲ್ಲ, ಎಚ್-4 ನವೀಕರಣಕ್ಕೆ ಬೇಕಾದ ಕಾಗದ ಕೊಡುತ್ತೇನೆ ಎಂದು. ಗಂಡನ ಮನೆಯವರು ಕೆಟ್ಟವರಲ್ಲದಿದ್ದರೆ ಇದಕ್ಕೆ ಒಪ್ಪುತ್ತಾರೆ. ನಮ್ಮ ಅಳಿಯನೂ ಕೇಳಿದ್ದರೆ ಒಪ್ಪುತ್ತಿದ್ದ ಎಂದು ನನಗೆ ಈಗಲೂ ಅನಿಸುತ್ತದೆ. ನಾವು ಕೇಳಲೇ ಇಲ್ಲ.

ಕೇಸು ಎಲ್ಲಿ ಹಾಕಬಹುದು? ಮದುವೆ ನಡೆದ ಊರಲ್ಲಿ, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರಲ್ಲಿ, ಎದುರಿನವರು ಇರುವಲ್ಲಿ. ಹೆಂಡತಿ ಹಾಕುವುದಾದರೆ ಅವಳು ಈಗ ಇರುವ ಊರಲ್ಲೂ ಹಾಕಬಹುದು. ಹಾಸನದ ಕಲ್ಯಾಣ ಮಂಟಪದಲ್ಲಿ ಮದುವೆಯಾಗಿದ್ದರೆ ಹಾಸನದಲ್ಲೇ ಆಗುತ್ತದೆ.

ಮಗಳು ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲಿ. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಅವಳು ಖುದ್ದಾಗಿ ಬರಲು ಆಗದಿದ್ದರೆ ವಿಡಿಯೋ ಮೂಲಕ ಹೇಳಿಕೆ ಕೊಡಲು ಕೋರ್ಟಿನ ಅನುಮತಿ ಕೇಳಬಹುದು. ಇದು ಸಣ್ಣ ವಿಷಯವಲ್ಲ. ಸ್ಟೇಟಸ್ ಬದಲಾವಣೆಯ ಅರ್ಜಿ ಬಾಕಿ ಇರುವಾಗ ಅಮೆರಿಕ ಬಿಟ್ಟು ಬಂದರೆ ಆ ಅರ್ಜಿ ಕೈಬಿಟ್ಟಂತೆ ಆಗುತ್ತದೆ. "ಒಂದು ಸಲ ಬಂದು ಸೈನ್ ಮಾಡಿ ಹೋಗಮ್ಮ" ಎಂದು ಕರೆಯುವ ಮೊದಲು ಇದನ್ನು ಯೋಚಿಸಿ.

6. ಹೆದರಿಸುವ ಮಾತು, ಹೊಡೆತ, ಬಿಟ್ಟುಹೋಗುವುದು

"ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ" ಎಂಬ ಮಾತಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಸಹಿಸಿಕೊಂಡಿದ್ದಾರೆ. ವೀಸಾ ರದ್ದು ಮಾಡುವ ಅಧಿಕಾರ ಸರ್ಕಾರದ್ದು, ಗಂಡನದ್ದಲ್ಲ. ಅವನು ತಾನು ಹಾಕಿದ ಅರ್ಜಿ ಹಿಂದಕ್ಕೆ ತೆಗೆಯಬಹುದು, ದೂರು ಬರೆಯಬಹುದು. ಅದಕ್ಕೂ ಉತ್ತರ ಇದೆ.

ಅಮೆರಿಕದಲ್ಲಿ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವನು ಹಿಂಸೆ ಕೊಟ್ಟರೆ, ಹೆಂಡತಿ ಅವನಿಗೆ ತಿಳಿಯದಂತೆ ತಾನೇ ಗ್ರೀನ್ ಕಾರ್ಡಿನ ದಾರಿಗಾಗಿ ಐ-360 ಅರ್ಜಿ ಹಾಕಬಹುದು. ಹಿಂಸೆಯ ಕಾರಣಕ್ಕೇ ಡೈವೋರ್ಸ್ ಆಗಿದ್ದರೆ ಡಿಕ್ರಿಯ 2 ವರ್ಷದೊಳಗೂ ಹಾಕಬಹುದು. ಎಚ್-4ನಲ್ಲಿರುವವರಿಗೆ ಈ ದಾರಿ ಇಲ್ಲ. ಅವರಿಗೆ ಐ-765ವಿ ಎಂಬ ಬೇರೆ ಅರ್ಜಿ ಇದೆ, ಕೆಲಸದ ಪರವಾನಗಿಗಾಗಿ. ಅಪರಾಧದ ತನಿಖೆಯಲ್ಲಿ ಪೊಲೀಸರಿಗೆ ನೆರವಾದವರಿಗೆ ಯು ವೀಸಾ ಇದೆ, ಆದರೆ ಅದಕ್ಕೆ ಕಾಯುವುದು ಬಹಳ. ಬ್ರಿಟನ್ನಿನಲ್ಲಿ ಹಿಂಸೆಯಿಂದ ಸಂಸಾರ ಮುರಿದವರಿಗೆ 3 ತಿಂಗಳು ಅಲ್ಲೇ ಇರಲು ವಿಶೇಷ ಅನುಮತಿ ಸಿಗುತ್ತದೆ, ಸರ್ಕಾರದ ನೆರವೂ ಸಿಗುತ್ತದೆ. ಸಂಗಾತಿ ವೀಸಾದವರು ಅಲ್ಲಿಂದ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಕೆನಡಾದಲ್ಲೂ ಇಂಥವರಿಗೆ 2019ರಿಂದ ಪ್ರತ್ಯೇಕ ತಾತ್ಕಾಲಿಕ ಪರ್ಮಿಟ್ ಇದೆ.

ಅಮೆರಿಕದಲ್ಲಿ ಅಪಾಯವಿದ್ದರೆ 911. ಮಾತಾಡಲು, ಆಸರೆ ಕೇಳಲು 1-800-799-7233. ಗಾಯದ ಫೋಟೋ, ಡಾಕ್ಟರ ಚೀಟಿ, ಮೆಸೇಜುಗಳನ್ನು ಅವನ ಕೈಗೆ ಸಿಗದ ಇಮೇಲಿಗೆ ಕಳಿಸಿಕೊಳ್ಳಿ. ಊರಲ್ಲಿ ತಮ್ಮನಿಗೋ ಅಕ್ಕನಿಗೋ ಕಳಿಸಿಟ್ಟರೂ ಆಯಿತು.

ಇನ್ನೊಂದು ಮೋಸ ನಮ್ಮ ಕಡೆ ನಡೆಯುತ್ತದೆ. ಹಬ್ಬಕ್ಕೆ, ಹಾಸನಾಂಬ ದರ್ಶನಕ್ಕೆ ಎಂದು ಹೆಂಡತಿಯನ್ನು ಊರಿಗೆ ಕರೆತಂದು, ಅವಳ ಪಾಸ್‌ಪೋರ್ಟ್ ಎತ್ತಿಕೊಂಡು ಒಬ್ಬನೇ ವಾಪಸ್ಸಾಗುವುದು. ಹಾಗಾದರೆ ಅತ್ತುಕೊಂಡು ಕೂರಬೇಡಿ. ಪಾಸ್‌ಪೋರ್ಟ್ ಹೋದ ಬಗ್ಗೆ ಪೊಲೀಸ್ ದೂರು ಕೊಟ್ಟು ಹೊಸದಕ್ಕೆ ಅರ್ಜಿ ಹಾಕಿ. ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ವಿಭಾಗಕ್ಕೂ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ಗೂ ಬರೆಯಿರಿ. ತವರಿಗೆ ಬಂದ ಹೆಂಡತಿ ತವರಿನ ಠಾಣೆಯಲ್ಲೇ ಕ್ರೌರ್ಯದ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ರೂಪಾಲಿ ದೇವಿ ಕೇಸಿನಲ್ಲಿ ಹೇಳಿದೆ. ಹಾಗಾಗಿ ಹೊಳೆನರಸೀಪುರದ ಹುಡುಗಿ ದೂರು ಕೊಡಲು ಬೆಂಗಳೂರಿಗೋ ಹೈದರಾಬಾದಿಗೋ ಅಲೆಯಬೇಕಿಲ್ಲ. ಬ್ರಿಟನ್ನಿನಿಂದ ಹೀಗೆ ತಂದು ಬಿಟ್ಟವರು 2024ರಿಂದ ಇಲ್ಲಿಂದಲೇ ಅಲ್ಲಿನ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181.

7. ಮಗು ಇದ್ದರೆ

ಅಪ್ಪನ ಎಚ್-1ಬಿ ಮೇಲಿರುವ ಮಗುವಿನ ಎಚ್-4 ತಂದೆತಾಯಿಯ ಡೈವೋರ್ಸ್‌ನಿಂದ ಹೋಗುವುದಿಲ್ಲ. 21 ವರ್ಷದವರೆಗೆ ಅದು ಅವನ ಮಗುವೇ. ಅಮ್ಮ ಹೊರಡಬೇಕು, ಮಗು ಉಳಿಯಬಹುದು ಎಂಬ ಕಷ್ಟ ಬರುವುದು ಇಲ್ಲೇ.

ಆಗ ಅಜ್ಜಿ ತಾತ ಹೇಳುವ ಮಾತು ಒಂದೇ: "ಮಗು ಎತ್ಕೊಂಡು ಬಂದ್ಬಿಡು." ನನಗೂ ಹಾಗೇ ಅನಿಸುತ್ತಿತ್ತು. ದಯವಿಟ್ಟು ಹಾಗೆ ಹೇಳಬೇಡಿ. ಗಂಡನ ಲಿಖಿತ ಒಪ್ಪಿಗೆ ಇಲ್ಲದೆ, ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ತಂದರೆ ಅಲ್ಲಿ ಅಪಹರಣದ ಕೇಸೇ ಆಗಬಹುದು. ಮಕ್ಕಳ ಅಪಹರಣದ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿಜ. ಆದರೆ ನಮ್ಮ ಕೋರ್ಟುಗಳೂ ಮಗುವಿಗೆ ಯಾವುದು ಒಳ್ಳೆಯದೆಂದು ನೋಡಿ ವಾಪಸ್ ಕಳಿಸುವುದುಂಟು. ಮಗುವಿನ ಜೊತೆ ಬರಬೇಕಿದ್ದರೆ ಹೊರಡುವ ಮೊದಲೇ ಅಲ್ಲಿನ ಕೋರ್ಟಿನಲ್ಲಿ ಕೇಳಿ.

8. ಅಲ್ಲಿಯ ಡಿಕ್ರಿ ಇಲ್ಲಿ ನಡೆಯುತ್ತದೆಯೇ?

ಗಂಡ ಅಲ್ಲಿ ಒಬ್ಬನೇ ಕೇಸು ಹಾಕಿ, ಇವಳು ಹಾಸನದಲ್ಲಿರುವಾಗ ಡಿಕ್ರಿ ತಂದರೆ ಅದು ಇಲ್ಲಿ ನಿಲ್ಲುವುದು ಕಷ್ಟ. 1991ರ ವೈ. ನರಸಿಂಹ ರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಹೆಂಡತಿ ಒಪ್ಪಿರಬೇಕು, ಅಥವಾ ಆ ಕೋರ್ಟಿನಲ್ಲಿ ಹಾಜರಾಗಿ ವಾದಿಸಿರಬೇಕು, ಹಿಂದೂ ವಿವಾಹ ಕಾಯ್ದೆಯಲ್ಲಿರುವ ಕಾರಣವೇ ಇರಬೇಕು. ಇದರಿಂದ ಒಂದು ವಿಚಿತ್ರ ಸ್ಥಿತಿ ಬರುತ್ತದೆ. ಅಮೆರಿಕದ ಲೆಕ್ಕದಲ್ಲಿ ಡೈವೋರ್ಸ್ ಆಗಿ ಎಚ್-4 ಹೋಗಿರುತ್ತದೆ, ನಮ್ಮ ಲೆಕ್ಕದಲ್ಲಿ ಇನ್ನೂ ಹೆಂಡತಿಯೇ. ಅಲ್ಲಿಂದ ನೋಟಿಸ್ ಬಂದರೆ ಬೀರುವಿನಲ್ಲಿ ಇಡಬೇಡಿ. ಅದೇ ವಾರ ಇಬ್ಬರೂ ವಕೀಲರಿಗೆ ಕಳಿಸಿ. ಉತ್ತರ ಕೊಡಬೇಕೇ, ಹೇಗೆ ಕೊಡಬೇಕು ಎಂಬುದರ ಮೇಲೆ ಎರಡೂ ಕಡೆಯ ಹಕ್ಕು ನಿಂತಿದೆ.

ತಿರುಗು ದಾರಿಯೂ ಇದೆ. ಚಿಕ್ಕಮಗಳೂರಿನ ತೋಟದ ಮನೆಗೋ ಹಾಸನಕ್ಕೋ ಸೊಸೆಯಾಗಿ ಬಂದ ವಿದೇಶಿಯರು ಗಂಡನ ಮೂಲಕ ಒಸಿಐ ಕಾರ್ಡ್ (ವಿದೇಶಿ ಪ್ರಜೆಗೆ ಭಾರತದಲ್ಲಿ ಬಂದು ಇರಲು ಕೊಡುವ ಕಾರ್ಡ್) ಪಡೆದಿದ್ದರೆ, ಕೋರ್ಟಿನಲ್ಲಿ ಡೈವೋರ್ಸ್ ಆದಾಗ ಆ ಕಾರ್ಡನ್ನು ಸರ್ಕಾರ ರದ್ದು ಮಾಡಬಹುದು. ಅವರೂ ಡಿಕ್ರಿಗೆ ಮೊದಲೇ ವಿದೇಶಿಯರ ನೋಂದಣಿ ನೋಡಿಕೊಳ್ಳುವ ಬೆಂಗಳೂರಿನ ಎಫ್‌ಆರ್‌ಆರ್‌ಒ ಕಚೇರಿಯಲ್ಲಿ ಬೇರೆ ವೀಸಾದ ದಾರಿ ಕೇಳಿಕೊಳ್ಳಬೇಕು.

9. ಡಿಕ್ರಿ ಆದ ಮೇಲೆ

ಕೋರ್ಟಿನ ನಕಲು ಶಾಖೆಯಲ್ಲಿ ದೃಢೀಕೃತ ಪ್ರತಿಗಳನ್ನು ಒಂದಲ್ಲ, ನಾಲ್ಕು ತೆಗೆಸಿ. ಮುಂದಿನ ವೀಸಾ ಅರ್ಜಿಯಲ್ಲಿ ಹಳೆಯ ಮದುವೆ ಯಾವಾಗ ಮುಗಿಯಿತು ಎಂದು ಕೇಳುತ್ತಾರೆ. ಡಿಕ್ರಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು, ಜೊತೆಗೆ ಅನುವಾದ ಸರಿಯಿದೆ ಎಂದು ಅನುವಾದಕರ ಸಹಿ ಇರುವ ಪತ್ರವೂ ಬೇಕು. ಆ ದೇಶ ಕೇಳಿದರೆ ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವಂಥ ಸರ್ಕಾರಿ ದೃಢೀಕರಣ, ಮಾಡಿಸಬೇಕಾಗುತ್ತದೆ.

ನಮ್ಮ ಹುಡುಗಿ ಎರಡನೇ ಸಲ ಚೆನ್ನೈಗೆ ವೀಸಾ ಸಂದರ್ಶನಕ್ಕೆ ಹೋದಾಗ ಇವನ್ನೆಲ್ಲ ಒಂದು ಹಸಿರು ಫೈಲಿನಲ್ಲಿ ಜೋಡಿಸಿಕೊಂಡಿದ್ದಳು. ಭಾವ ಹಿಂದಿನ ರಾತ್ರಿ ಕೂತು ಒಂದೊಂದು ಹಾಳೆಯ ಮೇಲೂ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದರು. ಆ ಫೈಲಿನ ಒಂದು ಪ್ರತಿ ಈಗಲೂ ಅವರ ಮನೆಯಲ್ಲಿದೆ. ಯಾರಾದರೂ ಫೋನ್ ಮಾಡಿದರೆ ಅದನ್ನು ತೆಗೆದು ಮುಂದಿಟ್ಟುಕೊಂಡೇ ಮಾತಾಡುತ್ತಾರೆ.